ಅಳಿಯನ ಮಳೆ ಲೆಕ್ಕ

ಹವಾಮಾನ ಕಚೇರಿಯ ಅಳಿಯನ ಮಾತನ್ನು ಊರೆಲ್ಲ ನಂಬಿದರೂ ಮನೆಯಲ್ಲಿ ಮಾವ ಮಾತ್ರ ನಂಬುತ್ತಿರಲಿಲ್ಲ. ಹಾಗೆಂದು ಅಳಿಯನ ಕೊರಗು. ಮಳೆಗೆ ನೂರಕ್ಕೆ ಎಪ್ಪತ್ತು ಅವಕಾಶ ಎಂದು ಇವನು ಹೇಳಿದರೆ, ಮಾವ ಮೀಸೆಯಡಿಯಲ್ಲೇ ನಕ್ಕು ಕೊಡೆಯಿಲ್ಲದೆ ಹೊರಟುಬಿಡುತ್ತಿದ್ದರು. ನೆನೆಯದೆ ಬರುತ್ತಲೂ ಇದ್ದರು, ಅದೇ ಹೊಟ್ಟೆಯುರಿ.

ತಪ್ಪು ಅಳಿಯನದೇ. ನಕ್ಷೆ ನೋಡಿ ನಲವತ್ತು ಅನ್ನಿಸಿದರೆ ಬಾಯಲ್ಲಿ ಎಪ್ಪತ್ತು ಎನ್ನುವ ಚಾಳಿ ಅವನದು. ಕೊಡೆ ಹೊತ್ತುಕೊಂಡು ಹೋದವನಿಗೆ ಮಳೆ ಸಿಗದಿದ್ದರೆ ಯಾರೂ ಬೈಯುವುದಿಲ್ಲ. ಕೊಡೆ ಬಿಟ್ಟು ಹೋಗಿ ತೊಯ್ದವನು ಕಚೇರಿಗೆ ಫೋನು ಮಾಡಿ ವಂಶವನ್ನೇ ಜಾಲಾಡುತ್ತಾನೆ. ಅದಕ್ಕೇ ಯಾವಾಗಲೂ ಮೂವತ್ತು ಸೇರಿಸಿ ಹೇಳುವುದು.

ಒಂದು ದಿನ ಮೇಲಧಿಕಾರಿಣಿ ಅವನು ಹೇಳಿದ್ದನ್ನೂ ನಿಜವಾಗಿ ಬಿದ್ದ ಮಳೆಯನ್ನೂ ಪಕ್ಕಪಕ್ಕ ಇಟ್ಟು ಬೆಂಡೆತ್ತಿದರು. "ಎಪ್ಪತ್ತು ಅಂದ್ರೆ ಹತ್ತು ಸಲದಲ್ಲಿ ಏಳು ಸಲ ಮಳೆ ಬರಬೇಕು ಕಣ್ರೀ. ನಿಮ್ಮದು ನಾಲ್ಕೇ ಸಲ ಬಂದಿದೆ. ಇದು ಮುನ್ಸೂಚನೆ ಅಲ್ಲ, ನಿರೀಕ್ಷಣಾ ಜಾಮೀನು!"

ಅವನಿಗೆ ನಾಚಿಕೆಯಾಯಿತು. ಇನ್ನು ಮೇಲೆ ಕಂಡಷ್ಟನ್ನೇ ಹೇಳುವುದು, ಮಾವನ ನಂಬಿಕೆ ಗಳಿಸಿಯೇ ತೀರುವುದು ಎಂದು ಹಟ ತೊಟ್ಟ.

ಮರುದಿನ ಬೆಳಿಗ್ಗೆ ನಡುಮನೆಯ ಸೂರಿನ ಹಳೇ ತಗಡು ಬದಲಿಸಲು ಆಳುಗಳು ಬಂದಿದ್ದರು. ಮಾವ ಏಣಿ ಹಿಡಿದುಕೊಂಡೇ ಕೇಳಿದರು: "ಇವತ್ತೆಷ್ಟು, ಅಳಿಯಂದಿರೇ?"

"ನಲವತ್ತು, ಮಾವ!" ಎಂದು ಎದೆಯುಬ್ಬಿಸಿ ಹೇಳಿ ಬಸ್ಸಿಗೆ ಓಡಿದ.

ಮಧ್ಯಾಹ್ನ ಆಕಾಶವೇ ಕಳಚಿಬಿದ್ದಂತೆ ಸುರಿಯಿತು. ನಲವತ್ತು ಎಂದು ಕೇಳಿದ ಮೇಲೆ ಯಾರಾದರೂ ಸೂರು ಬಿಚ್ಚಿಸುತ್ತಾರೆಯೇ ಎಂದು ಅಳಿಯ ನಿಶ್ಚಿಂತೆಯಿಂದ ಮನೆಗೆ ಬಂದ. ಬಂದು ನೋಡಿದರೆ ನಡುಮನೆ ಕೆರೆಯಾಗಿದೆ. ಅತ್ತೆ ಸೋಫಾದ ಮೇಲೆ ನಿಂತು ಟಿವಿಗೆ ಕೊಡೆ ಹಿಡಿದಿದ್ದಾರೆ. ಮಾವ ಬಕೆಟ್ಟಿನಲ್ಲಿ ನೀರು ಮೊಗೆಯುತ್ತಿದ್ದಾರೆ.

"ನಲವತ್ತು ಅಂದಿದ್ನಲ್ಲ ಮಾವ! ನನ್ನ ಮಾತು ನಂಬಲೇ ಇಲ್ವಾ?"

"ನಂಬಿದ್ದಕ್ಕೇ ಈ ಗತಿ," ಎಂದರು ಮಾವ. "ಮೂವತ್ತು ಕಳೆದ್ರೆ ಹತ್ತು ತಾನೇ ಅಂತ ಎಲ್ಲಾ ಬಿಚ್ಚಿಸಿಬಿಟ್ಟೆ. ನಿಮ್ಮ ಮದುವೆ ಆದಾಗಿನಿಂದ ಹೀಗೇ ಕಳೀತಾ ಬಂದಿದ್ದೀನಿ. ಒಂದು ದಿನಾನೂ ಕೈ ಕೊಟ್ಟಿರಲಿಲ್ಲ."

ಅಳಿಯನಿಗೆ ಸಂತೋಷಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಪ್ಯಾಂಟು ಮಡಚಿ ನೀರಿಗಿಳಿದ. "ಇವತ್ತಿನಿಂದ ನಿಜ ಹೇಳೋಣ ಅಂತ..." ಎಂದು ತೊದಲಿದ.

ಮಾವ ಇನ್ನೊಂದು ಬಕೆಟ್ಟನ್ನು ಅವನ ಕೈಗಿತ್ತರು.

"ಹೇಳಿ, ಬೇಡ ಅಂದವರ್ಯಾರು? ಅದಕ್ಕೂ ಹಿಂದಿನ ದಿನವೇ ಒಂದು ಮುನ್ಸೂಚನೆ ಕೊಡಬಾರದಿತ್ತಾ?"