ನಾಲ್ಕು ತುತ್ತು

“ಕೊರಗನಾ ನೀನು? ಮೂರು ವರ್ಷ ನನ್ನ ಅಡುಗೆಮನೆ ಒಳಗೆ ತಿರುಗಿದೆಯಲ್ಲಾ, ಬೇವರ್ಸಿ!”

ತಪ್ಪು ನನ್ನದೇ. ತ್ರಿಪ್ಲಿಕೇನಿನ ಆ ಹೋಟೆಲಿನ ಹಿಂದೆ ಪಾತ್ರೆ ತೊಳೆಯುತ್ತಿದ್ದಾಗ ಖಾಲಿ ಎಣ್ಣೆ ಡಬ್ಬದ ಮೇಲೆ ಕೈ ತನ್ನಷ್ಟಕ್ಕೆ ಆಡಿಬಿಟ್ಟಿತು. ಅಪ್ಪನ ಡೋಲಿನ ಪೆಟ್ಟು, ನಮ್ಮ ಕೊರಗರದ್ದೇ. ಚೆನ್ನೈಯಲ್ಲಿ ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ. ಧಣಿ ವಿಷ್ಣುಮೂರ್ತಿ ನಮ್ಮೂರ ಕಡೆಯವನು, ಅದನ್ನು ಕೇಳಿಯೇ ಬೆಳೆದವನು.

ಕೆಲಸ ಹೋಯಿತು ಅಂದುಕೊಂಡೆ. ಅವನು ಗಲ್ಲ ಕೆರೆದುಕೊಂಡ.

“ಇರು ಮಾರಾಯ. ಆಗಸ್ಟ್ ಒಂಬತ್ತಕ್ಕೆ ನಮ್ಮ ಸಂಘದಲ್ಲಿ ಆದಿವಾಸಿ ದಿನ ಉಂಟು. ಇಲ್ಲಿಯ ಇರುಳರನ್ನು ಕರೆದಾಗಿದೆ, ನಮ್ಮ ಕಡೆಯವ ಒಬ್ಬ ಬೇಕಿತ್ತು. ಡೋಲು ತರಿಸ್ತೇನೆ, ಬಡಿ. ಅಲ್ಲಿವರೆಗೆ ಒಳಗೆ ಕಾಲಿಡ್ಬೇಡ.”

ಆ ದಿನ ಸಂಘದ ಸಭಾಂಗಣದ ತುಂಬ ಬ್ಯಾನರು: ‘ಆದಿವಾಸಿ ಪರಂಪರೆಗೆ ನಮನ. ನಾವೆಲ್ಲ ನೆಂಟರು.’

“ಅಂಗಿ ತೆಗಿಯಾ ಸುರೇಶ. ಪ್ಯಾಂಟ್ ಹಾಕಿದ ಕೊರಗನನ್ನು ನೋಡ್ಲಿಕ್ಕೆ ಯಾರು ಬರ್ತಾರೆ?” ಅಂದ ಧಣಿ.

ಸೊಂಟಕ್ಕೆ ಸೊಪ್ಪು ಕಟ್ಟಿಸಿದರು. ಬಡಿದೆ. ಚಪ್ಪಾಳೆ, ಶಾಲು. ಚೆಂಗಲ್ಪಟ್ಟಿನ ಇರುಳರ ಮುದುಕಿ ಕನ್ನಿಯಮ್ಮ ನಾಗರಹಾವನ್ನೇ ಬರಿಗೈಲಿ ಹಿಡಿಯುವವಳು. ಫೋಟೊಕ್ಕೆಂದು ಅವಳ ಕೈಗೆ ಪ್ಲಾಸ್ಟಿಕ್ ಹಾವು ಕೊಟ್ಟರು.

ಊಟಕ್ಕೆ ನೆಂಟರು ಒಳಗೆ, ನಾವಿಬ್ಬರು ಹಿಂಬಾಗಿಲ ಮೆಟ್ಟಿಲ ಮೇಲೆ. ಧಣಿಯ ಹೆಂಡತಿ ಗುಣವತಿ ತಾನೇ ನನಗೆ ಎಲೆ ತಂದಳು. ಸೊಂಟದ ಮೇಲೆ ಮೊಮ್ಮಗಳು ವೀಕ್ಷಾ, ಮೂರು ತಿಂಗಳಿಂದ ಬಿಡದ ಕೆಮ್ಮು.

“ಇದು ನೀನೇ ಉಣ್ಬೇಕು. ನನ್ನ ಕಣ್ಣೆದುರೇ.”

ಅನ್ನ ಕಲಸಿದೆ. ಬೆರಳಿಗೆ ಒಂದು ಕೂದಲು ಸುತ್ತಿಕೊಂಡಿತು. ಆಮೇಲೆ ಸಿಕ್ಕಿದ್ದು ಎಳೆ ಉಗುರಿನ ಚೂರು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಊರ ಧಣಿಗಳ ಅಂಗಳದಲ್ಲಿ ಅಪ್ಪ ಇದೇ ಅನ್ನ ಉಂಡಿದ್ದ. ಅವರ ಮನೆಯ ಬಸುರಿಯ ರೋಗ ನಮ್ಮ ಮೈಗೆ ದಾಟಲಿ ಅಂತ ಅವಳ ಕೂದಲು, ಉಗುರು ಬೆರೆಸಿ ಕೊಟ್ಟಿದ್ದರು. ಇಡೀ ಕ್ಲಾಸು ಬೇಲಿಯಾಚೆ ನಿಂತು ನೋಡಿತ್ತು. ಮರುದಿನದಿಂದ ಶಾಲೆಗೆ ಹೋಗಲಿಲ್ಲ. ಮುಂದೆ ರೈಲು ಹತ್ತಿ ಬಂದದ್ದೂ ಈ ಎಲೆಯಿಂದ ತಪ್ಪಿಸಿಕೊಳ್ಳಲಿಕ್ಕೇ.

ಬಾಗಿಲಲ್ಲಿ ಧಣಿ ನಿಂತಿದ್ದ. “ಮಗುವಿನ ಜೀವ ಮಾರಾಯ. ನಾಲ್ಕು ತುತ್ತು. ಉಂಡ್ರೆ ಕೆಲಸ ಉಂಟು. ಇಲ್ಲದಿದ್ರೆ ಈಗಲೇ ಗಂಟು ಕಟ್ಟು.”

ಕನ್ನಿಯಮ್ಮ ಬಗ್ಗಿ ನನ್ನ ಎಲೆ ನೋಡಿದಳು. ನನ್ನ ಕೈ ಸರಿಸಿ, ತನ್ನ ಎಲೆಯ ಅನ್ನ ಉಂಡೆ ಕಟ್ಟಿ ಅಂಗೈಗಿಟ್ಟಳು. “ಅದು ವೇಣಾಂ ತಂಬಿ. ಇದ ಸಾಪ್ಪಿಡು.” ಅದು ಬೇಡ, ಇದನ್ನು ಉಣ್ಣು ಅಂದಳು.

ಅವಳು ಕೊಟ್ಟದ್ದನ್ನು ಉಂಡೆ. ಆಮೇಲೆ ನನ್ನ ಎಲೆ ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ನಡೆದೆ. ಧಣಿ ಹಿಂದೆಯೇ ಓಡಿ ಬಂದ. ಮೊದಲ ಪಂಕ್ತಿಯಲ್ಲಿ ಅವನ ಎಲೆಗೆ ಪಾಯಸ ಬಡಿಸಿತ್ತು. ಅದರ ಮೇಲೆಯೇ ಮಗುಚಿದೆ.

“ನೆಂಟರು ಅಂತ ಬರೆಸಿದ್ದೀರಲ್ಲಾ ಧಣಿ. ನಿಮ್ಮದೇ ಮೊಮ್ಮಗಳ ಉಗುರು. ಉಣ್ಣಿ, ನಾಲ್ಕೇ ತುತ್ತು.”

“ರಂಡೆಮಗನೇ!”

ಕೈ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಹೊಡೆಯಬೇಕಾದರೆ ನನ್ನನ್ನು ಮುಟ್ಟಬೇಕಿತ್ತು.

ಕನ್ನಿಯಮ್ಮ ಡೋಲು ಎಳೆದುಕೊಂಡು ಬಂದು ನನ್ನ ಪಕ್ಕ ನಿಂತಳು. ಪಂಕ್ತಿಯಲ್ಲಿ ಯಾರೂ ಎಲೆ ಬಿಟ್ಟು ಏಳಲಿಲ್ಲ, ಯಾರೂ ಉಣ್ಣಲೂ ಇಲ್ಲ. ಹಿಂಬಾಗಿಲಲ್ಲಿ ಮಗು ಕೆಮ್ಮುತ್ತಲೇ ಇತ್ತು.