ಬೇಲಿ ದಾಟಿದ ನಗೆ

ನುರಿಸ್ ಫೋನು ಮಾಡಿದಾಗ ಲಿಬಾರ್ದೊ ಬೆರ್ರೊಕಾಲ್ ಬಾರಾಂಕೀಯಾದ ತನ್ನ ಮನೆಯಲ್ಲಿ ಮೀನಿನ ಸಾರಿಗೆ ನಿಂಬೆ ಹಿಂಡುತ್ತಿದ್ದ. ಮೂವತ್ತು ವರ್ಷದಿಂದ ಆ ಹುಡುಗಿ ಅವನ ಜೊತೆ ಒಂದು ಮಾತೂ ಆಡಿರಲಿಲ್ಲ. ಹುಡುಗಿ ಅಂದರೆ ತಪ್ಪಾಗುತ್ತದೆ, ಅವಳಿಗೀಗ ಮೂವತ್ತೈದು. ಆದರೆ ಜ್ಞಾನಸ್ನಾನದ ದಿನ ಅವಳನ್ನು ತೊಟ್ಟಿಯ ಮೇಲೆ ಎತ್ತಿ ಹಿಡಿದಿದ್ದವನು ಅವನೇ, ಅವಳ ಪಾದ್ರೀನೊ, ಅಂದರೆ ಧರ್ಮಪಿತ. ಅವನ ಲೆಕ್ಕದಲ್ಲಿ ಅವಳಿನ್ನೂ ಮಗು.

“ಪಾದ್ರೀನೊ, ಅಪ್ಪ ಹೋಗ್ಬಿಟ್ರು. ನಾಳಿದ್ದು ಒಂಬತ್ತನೇ ದಿನ.”

“ಅಯ್ಯೋ ಮಗಳೇ! ನಿಕಾನೋರ್ ಹೋಗ್ಬಿಟ್ನಾ? ನಂಗ್ಯಾರೂ ಹೇಳ್ಲೇ ಇಲ್ವಲ್ಲ!”

“ನಿಮಗ್ಯಾಕೆ ಹೇಳ್ಬೇಕಿತ್ತು? ಸುಮ್ನೆ ಕೇಳಿ. ಅಮ್ಮ ಬಂದಿದಾಳೆ, ಮರಕಾಯ್ಬೋದಿಂದ. ಒಂಬತ್ತು ಮುಗಿದ ಮಾರನೇ ಬೆಳಿಗ್ಗೆ ಅವಳ ಬಸ್ಸು. ಆಮೇಲೆ ಈ ಕಡೆ ತಲೆ ಹಾಕಲ್ವಂತೆ. ಆ ಮಾತನ್ನ ಅಪ್ಪನೇ ಲೋಕಕ್ಕೆಲ್ಲ ಸಾರಿದ್ದು ಅಂತ ಇವತ್ತಿಗೂ ನಂಬಿದಾಳೆ. ನಾನು ಹೇಳಿದ್ರೆ, ನೀನು ಅಪ್ಪನ ಮಗಳು ಅಂತಾಳೆ. ನೀವೇ ಬಂದು ಎಲ್ಲರ ಮುಂದೆ ನಿಜ ಹೇಳಿ. ಜೋಕು ಬೇಡ. ಜನ್ಮಕ್ಕೊಂದು ಸಲ ನಿಜ ಹೇಳಿ ಸಾಕು.”

ಅವಳು ಫೋನಿಟ್ಟಳು. ಸಾರು ಆರಿ ತಣ್ಣಗಾಯಿತು.

ಯಾವ ಮಾತು ಅಂತ ಬಾರಾಂಕೀಯಾದ ಯಾವ ಬಸ್ ಡ್ರೈವರನ್ನು ಕೇಳಿದ್ದರೂ ಆಗ ಹೇಳುತ್ತಿದ್ದ. ‘ಫ್ರಿಜ್ಜಿನವನ ಜೊತೆ ಓಡಿಹೋದ ಹೆಂಡತಿ.’ ಲಿಬಾರ್ದೊ ಎಂಬ ಹೆಸರು ಬೆಳೆದದ್ದೇ ಆ ಒಂದು ಜೋಕಿನಿಂದ.

ಅದಕ್ಕೂ ಮೊದಲು ಅವನು ತನ್ನೂರು ಲಾ ಸೇಯ್ಬಾದ ಸಾವಿನ ಮನೆಗಳಲ್ಲಿ ನಗಿಸುತ್ತಿದ್ದ. ನಗಬೇಡಿ, ಅದು ಹುಡುಗಾಟದ ಕೆಲಸವಲ್ಲ. ನಮ್ಮ ಕಡೆ ಒಬ್ಬರು ತೀರಿಕೊಂಡರೆ ಒಂಬತ್ತು ಸಂಜೆ ಊರಿಗೆ ಊರೇ ಅವರ ಅಂಗಳದಲ್ಲಿ ಕೂರುತ್ತದೆ. ಒಳಗೆ ಹೆಂಗಸರ ಜಪಮಾಲೆ, ಹೊರಗೆ ಗಂಡಸರ ಡಾಮಿನೊ, ನಡುವೆ ಶುಂಠಿ ಕಾಫಿ. ಜಪ ಮುಗಿದ ಮೇಲೆ ಅಂಗಳದ ನಡುವೆ ಒಂದು ಚರ್ಮದ ಸ್ಟೂಲು ಹಾಕುತ್ತಾರೆ. ಅದರ ಮೇಲೆ ಕೂತವನು ಯಾರನ್ನು ಬೇಕಾದರೂ ಆಡಿಕೊಳ್ಳಬಹುದು. ಪಾದ್ರಿ ಆಗಲಿ, ಮೇಯರ್ ಆಗಲಿ, ಸತ್ತವನೇ ಆಗಲಿ. ಆದರೆ ಮೊದಲು ತನ್ನನ್ನೇ ಆಡಿಕೊಳ್ಳಬೇಕು. ಆ ಸ್ಟೂಲಿನ ಮೇಲೆ ಆಡಿದ್ದೆಲ್ಲ ಸುಳ್ಳು ಅಂತಲೇ ಲೆಕ್ಕ, ಮತ್ತು ಆಡಿದ್ದು ಬೇಲಿ ದಾಟಬಾರದು.

ಕ್ಷೌರದ ನಿಕಾನೋರ್ ಒಂದು ಸಂಜೆ ಆ ಸ್ಟೂಲಿನ ಮೇಲೆ ಕೂತ. ಅವನ ಹೆಂಡತಿ ಒತಿಲಿಯಾ ಯಾರದೋ ಮನೆಯಲ್ಲಿ ಅಡುಗೆ ಮಾಡಲು ಗಡಿಯಾಚೆಯ ಮರಕಾಯ್ಬೋಗೆ ಹೋಗಿ ಒಂದು ವರ್ಷವಾಗಿತ್ತು. ತಿಂಗಳಿಗೊಂದು ಗಂಟು ಬರುತ್ತಿತ್ತು, ಸೋಪು, ನುರಿಸ್‌ಗೆ ಚಪ್ಪಲಿ, ಬಟ್ಟೆ. ಅವಳು ಬಸ್ಸು ಹತ್ತಿದ ದಿನ ನಿಕಾನೋರ್ ಹೆಂಗಸಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತಿದ್ದನ್ನು ಊರೇ ನೋಡಿತ್ತು. ಅಂಥವನು ಸ್ಟೂಲಿನ ಮೇಲೆ ಕೂತು, ‘ನನ್ನ ಹೆಂಡತಿ ಫ್ರಿಜ್ಜಿನವನ ಪಾಲಾದಳು’ ಅಂತ ಶುರು ಮಾಡಿದಾಗ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಸುಳ್ಳು ಅಂತ ಗೊತ್ತಿದ್ದಕ್ಕೇ ಅಷ್ಟು ನಗು ಬಂದದ್ದು. ಮಗಳ ಪಾದ್ರೀನೊ ಆಗಿ ಅವನಿಗೆ ಕಂಪಾದ್ರೆಯಾಗಿದ್ದ ಲಿಬಾರ್ದೊ ಎಲ್ಲರಿಗಿಂತ ಜೋರಾಗಿ ನಕ್ಕ.

ಮರುವರ್ಷ ಅವನು ಬಾರಾಂಕೀಯಾಕ್ಕೆ ಹೋಗಿ ಆ ಜೋಕಿನ ಕ್ಯಾಸೆಟ್ಟು ಮಾಡಿದ. ಅದರಲ್ಲಿ ಊರಿನ ಹೆಸರು, ಗಂಡ ಹೆಂಡತಿಯ ಹೆಸರು, ಮನೆತನದ ಹೆಸರು, ಒಂದೂ ಬಿಡಲಿಲ್ಲ. ‘ಹೆಸರಿಲ್ಲದ ಜೋಕು ಉಪ್ಪಿಲ್ಲದ ಮರಗೆಣಸು’ ಅನ್ನುತ್ತಿದ್ದ. ಕ್ಯಾಸೆಟ್ಟು ಬಸ್ಸು ಬಸ್ಸಿನಲ್ಲೂ ಕೂಗಿತು, ಗಡಿಯನ್ನೂ ದಾಟಿತು. ಒತಿಲಿಯಾ ಇದ್ದ ಮನೆಯ ಡ್ರೈವರು ಒಂದು ದಿನ ಅದನ್ನು ಅಡುಗೆಮನೆಗೇ ತಂದು ಹಾಕಿದ. ಅಲ್ಲಿ ಯಾರಿಗೆ ಗೊತ್ತು ಇದು ಸುಳ್ಳು ಅಂತ? ಕೆಲಸದವರು ಅವಳನ್ನೇ ನೋಡಿಕೊಂಡು ನಕ್ಕರು. ಅವಳಿಗೆ ಒಂದೇ ಅರ್ಥವಾಯಿತು, ಗಂಡನೇ ಹೇಳಿಕೊಟ್ಟು ತನ್ನ ಮಾನವನ್ನು ಸಂತೆಯಲ್ಲಿಟ್ಟ. ಗಂಟು ನಿಂತಿತು. ನಿಕಾನೋರನ ಕಾಗದಗಳು ಒಡೆಯದೆ ವಾಪಸು ಬಂದವು. ನುರಿಸ್ ದೊಡ್ಡವಳಾದ ಮೇಲೆ ತಾನೇ ಎರಡು ಸಲ ಹೋಗಿ ತಾಯಿಯ ಮುಖ ನೋಡಿ ಬಂದಳು, ಅಷ್ಟೇ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುವುದು ಇದಕ್ಕೇ.

ಲಿಬಾರ್ದೊ ಒಮ್ಮೆ ಊರಿಗೆ ಬಂದು ನಿಕಾನೋರನ ಕುರ್ಚಿಯಲ್ಲಿ ಕೂತಿದ್ದ. ನಿಕಾನೋರ್ ಅರ್ಧ ತಲೆಯ ಕೂದಲು ಕತ್ತರಿಸಿ ಕತ್ತರಿ ಕೆಳಗಿಟ್ಟ. “ಮಿಕ್ಕಿದ್ದು ಬಾರಾಂಕೀಯಾದಲ್ಲೇ ಮಾಡಿಸ್ಕೊ” ಅಂದ. ಆ ಪುಣ್ಯಾತ್ಮ ಲಿಬಾರ್ದೊ ಏನು ಮಾಡಿದ ಗೊತ್ತೆ? ಆ ಅರ್ಧ ತಲೆಯನ್ನೂ ವೇದಿಕೆಗೆ ಹತ್ತಿಸಿ ಮೂರು ವರ್ಷ ನಗಿಸಿದ.

ಅವನನ್ನು ಪೂರ್ತಿ ಕೆಟ್ಟವನು ಅನ್ನಲಾರೆ. ರಾಜಧಾನಿಯ ಟೀವಿಯಲ್ಲಿ ಕೂತು ಸೆನೆಟರುಗಳ ಹೆಸರು ಹಿಡಿದು ಅವರ ಕಳ್ಳತನವನ್ನು ಹಾಡಿದವನು ಅವನೊಬ್ಬನೇ. ಬಿಷಪ್ಪರು ಬರೆದ ಬೈಗುಳದ ಕಾಗದವನ್ನು ವೇದಿಕೆಯ ಮೇಲೆ ಅವರದೇ ದನಿಯಲ್ಲಿ ಓದಿದ. ಯಾರೋ ಬಾಗಿಲಿಗೆ ಗುಂಡು ಹಾರಿಸಿದಾಗ ಎರಡು ವರ್ಷ ಪನಾಮಾದಲ್ಲಿ ತಲೆಮರೆಸಿಕೊಂಡ. ಟೀವಿಯವರು ಕೈಬಿಟ್ಟರು, ಕಾಲವೂ ಕೈಬಿಟ್ಟಿತು. ಕೊನೆಯ ಪ್ರದರ್ಶನದಲ್ಲಿ ಹುಡುಗರು ಸಿಳ್ಳೆ ಹೊಡೆದು ಇಳಿಸಿದರು. ಹೆಸರು ಹಿಡಿದು ಹೇಳುವುದೇ ಧೈರ್ಯ ಅಂತ ಅವನು ಜೀವಮಾನವಿಡೀ ನಂಬಿದ್ದ. ಆದರೆ ತಿರುಗಿ ಮಾತಾಡಲು ಸೆನೆಟರನಿಗೆ ಪತ್ರಿಕೆಯಿತ್ತು, ಬಿಷಪ್ಪನಿಗೆ ಪೀಠವಿತ್ತು. ನಿಕಾನೋರನಿಗೆ ಏನಿತ್ತು? ಒಂದು ಕತ್ತರಿ. ಇದು ಅವನಿಗೆ ಹೊಳೆದದ್ದು ಅರವತ್ತು ದಾಟಿದ ಮೇಲೆ, ಹೊಳೆದ ಮೇಲೂ ಹೋಗಿ ಹೇಳುವ ಧೈರ್ಯ ಬರಲಿಲ್ಲ.

ಒಂಬತ್ತನೇ ದಿನ ಸಂಜೆ ಐದಕ್ಕೆ ಅವನು ನಿಕಾನೋರನ ಅಂಗಳಕ್ಕೆ ಕಾಲಿಟ್ಟ. ಒಳಗೆ ಬಿಳಿ ಬಟ್ಟೆ ಹೊದಿಸಿದ ಪೀಠ, ಅದರ ಮೇಲೆ ನಿಕಾನೋರನ ಚಿತ್ರ, ಆತ್ಮದ ಬಾಯಾರಿಕೆಗೆ ಒಂದು ಲೋಟ ನೀರು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಒತಿಲಿಯಾ. ವಿಧವೆಯ ಕಪ್ಪು ಉಟ್ಟಿರಲಿಲ್ಲ, ಬೂದು ಬಣ್ಣದ ಉಡುಪು. ನೆಂಟರ ಹಾಗೆ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವನನ್ನು ನೋಡಿದಳು, ಮುಖ ತಿರುಗಿಸಲಿಲ್ಲ. ತಿರುಗಿಸಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

“ಬಂದ್ರಲ್ಲಾ,” ಅಂದಳು ನುರಿಸ್. “ಜಪ ಮುಗೀಲಿ. ಆಮೇಲೆ ಅಂಗಳದಲ್ಲಿ ಹೇಳಿ. ಅಮ್ಮನ ಮಾನ ಹೋಗಿದ್ದು ಎಲ್ಲರೆದುರಿಗೆ, ಬರೋದೂ ಎಲ್ಲರೆದುರಿಗೇ ಬರ್ಲಿ.”

“ಹೇಳ್ತೀನಿ ಮಗಳೇ. ನಿನ್ನಾಣೆ.”

“ನನ್ನಾಣೆ ಬೇಡ. ಹೇಳಿ ಸಾಕು.”

ಜಪ ಮುಗಿಯಿತು. ಹೆಂಗಸರು ಅಂಗಳಕ್ಕೆ ಬಂದರು. ಡಾಮಿನೊ ಮೇಜಿನಿಂದ ಮುದುಕ ಚೇಪೆ, “ಲೋ, ನಮ್ಮ ಲಿಬಾರ್ದೊ ಕಣ್ರೋ! ಟೀವಿ ಲಿಬಾರ್ದೊ! ಹಾಕ್ರೋ ಸ್ಟೂಲು!” ಅಂತ ಕೂಗಿದ. ಸ್ಟೂಲು ಬಂತು. ಲಿಬಾರ್ದೊ ಗಾಬರಿಬಿದ್ದ. ಏನು ಹೇಳಬೇಕೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಆ ಗಾಬರಿಯಲ್ಲಿ, ಹದಿನೇಳರ ವಯಸ್ಸಿನಿಂದ ಬಂದ ಅಭ್ಯಾಸದಲ್ಲಿ, ಮೂರ್ಖ, ಹೋಗಿ ಸ್ಟೂಲಿನ ಮೇಲೆಯೇ ಕೂತುಬಿಟ್ಟ.

“ನಾನೊಬ್ಬ ಕಳ್ಳ,” ಅಂದ.

ಅಂಗಳ ಹೋ ಅಂತ ನಕ್ಕಿತು. ತನ್ನಿಂದಲೇ ಶುರು ಮಾಡಿದನಲ್ಲ, ಕಟ್ಟಳೆ ಮರೆತಿಲ್ಲ ಅಂತ ಜನರಿಗೆ ಖುಷಿ.

“ನಗಬೇಡ್ರಪ್ಪಾ, ನಿಜ ಹೇಳ್ತಿದೀನಿ.”

ಇನ್ನೂ ದೊಡ್ಡ ನಗು. ಆ ಸ್ಟೂಲಿನ ಮೇಲೆ ಕೂತ ಯಾವ ಸುಳ್ಳುಗಾರ ‘ನಿಜ’ ಅನ್ನದೆ ಬಾಯಿ ತೆರೆದಿದ್ದಾನೆ?

“ನಿಕಾನೋರನ ಮಾತನ್ನ ಕದ್ದು ಮಾರ್ಕೊಂಡೆ.”

“ಹೆಂಗ್ ಮಾರ್ದಪ್ಪಾ? ಕಿಲೋ ಲೆಕ್ಕನಾ, ಡಜನ್ ಲೆಕ್ಕನಾ?” ಅಂದ ಚೇಪೆ. ಒಬ್ಬಳು ನಗುತ್ತಾ ಕಾಫಿಯನ್ನು ಮೈಮೇಲೆ ಚೆಲ್ಲಿಕೊಂಡಳು.

“ಒತಿಲಿಯಾ ಯಾರ ಜೊತೇಲೂ ಹೋಗ್ಲಿಲ್ಲ. ಅವಳ ಬಾಳು ಹಾಳಾಗಿದ್ದು ನನ್ನ ಬಾಯಿಂದ...” ಅವನ ಕಣ್ಣಲ್ಲಿ ನೀರು ತುಂಬಿತು.

“ನೋಡ್ರೋ, ನೋಡ್ರೋ! ಕಣ್ಣೀರು ಹೆಂಗ್ ತರಿಸ್ತಾನೆ! ಕಲಾವಿದ ಅಂದ್ರೆ ಇವ್ನು ಕಣ್ರಯ್ಯಾ!” ಚೇಪೆ ಚಪ್ಪಾಳೆ ಹೊಡೆದ. ಅಂಗಳಕ್ಕೆ ಅಂಗಳವೇ ಹೊಡೆಯಿತು.

ನಾಚಿಕೆಗೇಡಿನ ಸಂಗತಿ ಏನೆಂದರೆ, ಆ ಚಪ್ಪಾಳೆಗೆ ಲಿಬಾರ್ದೊನ ಎದೆ ಒಂದು ಗಳಿಗೆ ಉಬ್ಬಿತು. ಇಂಥ ನಗು ಕೇಳಿ ಎಷ್ಟು ವರ್ಷವಾಗಿತ್ತು! ಮುಂದಿನ ಮಾತು ತಾನಾಗಿಯೇ ನಾಲಿಗೆಯ ತುದಿಗೆ ಬಂದಿತ್ತು, ಆಡಿದ್ದರೆ ಜನ ಉರುಳಾಡಿ ನಗುತ್ತಿದ್ದರು. ಅಷ್ಟರಲ್ಲಿ ಅವನಿಗೆ ನುರಿಸ್ ಕಂಡಳು. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು. ತನ್ನ ಮೇಲೆ ತನಗೇ ಇಷ್ಟು ಹೇಸಿಗೆ ಅವನಿಗೆ ಯಾವತ್ತೂ ಆಗಿರಲಿಲ್ಲ.

ಒತಿಲಿಯಾ ಎದ್ದಳು. ಕೈಚೀಲವನ್ನು ಕುರ್ಚಿಯ ಮೇಲಿಟ್ಟು ನಡೆದು ಬಂದು ಅವನೆದುರಿಗೆ ನಿಂತಳು.

“ಆ ಸ್ಟೂಲಿಂದ ಏಳು ಲಿಬಾರ್ದೊ.”

ಅವನು ಎದ್ದ. ನಗು ಅಲ್ಲಲ್ಲೇ ನಿಂತಿತು. ಡಾಮಿನೊ ಕಲ್ಲು ಹಿಡಿದ ಕೈಗಳೂ ನಿಂತವು.

“ಈಗ ಹೇಳು. ಮೊದ್ಲು ಆ ಮಾತಾಡಿದ್ದು ಯಾರು?”

“ನಿಕಾನೋರ್. ಸ್ಟೂಲ್ ಮೇಲೆ ಕೂತು, ತಮಾಷೆಗೆ. ಕೇಳಿದ ಒಬ್ಬೊಬ್ಬರಿಗೂ ಗೊತ್ತಿತ್ತು ಸುಳ್ಳು ಅಂತ.”

ಅವಳು ಚೇಪೆಯತ್ತ ತಿರುಗಿದಳು. “ಹೌದೇನಯ್ಯಾ?”

“ಹೌದು ತಾಯಿ,” ಅಂದ ಚೇಪೆ ಮೆಲ್ಲಗೆ, ಟೋಪಿ ತೆಗೆದು. “ಅವತ್ತು ನಾವೆಲ್ಲ ಇದ್ವಿ. ನೀನು ಕಳಿಸಿದ ಸೋಪನ್ನ ಅವ್ನು ಬಳಸ್ತಾನೇ ಇರ್ಲಿಲ್ಲ, ಮೂಸಿ ಮೂಸಿ ಇಡ್ತಿದ್ದ.”

“ಬೇಲಿ ದಾಟಿಸಿದ್ದು?”

“ನಾನು,” ಅಂದ ಲಿಬಾರ್ದೊ.

“ನನ್ನ ಹೆಸರು ಹಾಕಿದ್ದು?”

“ನಾನೇ.”

“ಕ್ಯಾಸೆಟ್ಟು ಮಾಡೋಕೆ ಮುಂಚೆ ನಿಕಾನೋರ್‌ಗೆ ಹೇಳಿದ್ಯಾ?”

“ಇಲ್ಲ.”

ಅವಳು ಬಾಗಿಲಿನಾಚೆ ಗಂಡನ ಚಿತ್ರದ ಕಡೆ ನೋಡಿದಳು. “ನಿನ್ನ ಕ್ಯಾಸೆಟ್ಟು ನಂಗೆ ಬಾಯಿಪಾಠ ಆಗಿದೆ. ಒಂದು ಸಲವಾ ಎರಡು ಸಲವಾ ಕೇಳಿದ್ದು? ಈಗ ಅವನು ಆಡಿದ್ದು ಹೇಳು. ಅವನು ಹೇಗೆ ಹೇಳಿದ್ನೋ ಹಾಗೇ, ಒಂದಕ್ಷರ ಹೆಚ್ಚಿಲ್ಲ ಕಮ್ಮಿಯಿಲ್ಲ.”

ಲಿಬಾರ್ದೊ ಜೀವನದಲ್ಲಿ ಸಾವಿರಾರು ಸಲ ಹೇಳಿದ್ದ ಜೋಕು ಅದು. ಈಗ ಶುರು ಮಾಡಲು ಬಾಯಿ ಬರಲಿಲ್ಲ. ಕೊನೆಗೆ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಂದೆ ಕಟ್ಟಿಕೊಂಡು, ಪಾಠ ಒಪ್ಪಿಸುವವನ ಹಾಗೆ ಹೇಳಿದ.

“ನನ್ನ ಹೆಂಡ್ತಿ ಫ್ರಿಜ್ಜಿನವನ ಪಾಲಾದ್ಲು ಕಣ್ರಪ್ಪಾ. ಅವ್ನು ಬಾಗ್ಲಿಗೆ ಬಂದ. ಹಳೇದು ಕೊಟ್ರೆ ಹೊಸದು ಕೊಡ್ತೀನಿ ಅಂದ. ನಮ್ಮನೇಲಿ ಹಳೇ ಫ್ರಿಜ್ಜೆಲ್ಲಿಂದ ಬರ್ಬೇಕು? ತಣ್ಣಗೆ ನಿಂತು ಗುರ್ ಅನ್ನೋದು ಅಂತ ಇದ್ದಿದ್ದು ಒಬ್ಳೇ. ಕೊಟ್ಬಿಟ್ಟೆ. ಮೊದ್ಲು ನಾನು ತಡವಾಗಿ ಬಂದು ಬಾಗ್ಲು ತೆಗೆದ್ರೆ ಬೈಗುಳ ಬರ್ತಿತ್ತು. ಈಗ ಬಾಗ್ಲು ತೆಗೆದ್ರೆ ದೀಪ ಹತ್ಕೊಳ್ಳುತ್ತೆ.”

ಯಾರೂ ನಗಲಿಲ್ಲ. ಲಿಬಾರ್ದೊ ಮುಂದುವರಿಸಿದ.

“ಆದ್ರೆ ಏನ್ ಮಾಡ್ಲಿ, ಆ ಬೈಗುಳ ಕೇಳ್ದೆ ನಂಗೆ ನಿದ್ದೇನೇ ಬರಲ್ಲ. ಫ್ರಿಜ್ಜು ವಾಪಸ್ ತಗೊಂಡು ಅವಳನ್ನ ಕೊಡಯ್ಯಾ ಅಂತ ದಿನಾ ರಸ್ತೇಲಿ ಕಾಯ್ತಾ ನಿಂತಿರ್ತೀನಿ.”

ಒತಿಲಿಯಾ ಕದಲಲಿಲ್ಲ.

“ಆ ಕೊನೇ ಮಾತು ಅವನು ಆಡಿದ್ದಾ?”

“ಅವನೇ ಆಡಿದ್ದು. ದೇವರಾಣೆ.”

“ಕ್ಯಾಸೆಟ್ಟಲ್ಲಿ ಇಲ್ವಲ್ಲ ಅದು.”

“ನಾನೇ ಕಿತ್ತು ಹಾಕ್ದೆ.”

“ಯಾಕೋ?”

ಲಿಬಾರ್ದೊ ಬೆರ್ರೊಕಾಲ್ ತಲೆ ತಗ್ಗಿಸಿದ.

“ಆ ಮಾತಿಗೆ ಯಾರೂ ನಗ್ತಿರ್ಲಿಲ್ಲ,” ಅಂದ.