ಪಂಕ್ಚರ್ ಅಂಗಡಿಯ ಗಾಳಿ

ಹುಡುಗ ಮೋಸಗಾರನೆಂದು ಗ್ಯಾಸ್‌ರೂಮಿನ ಮೇಸ್ತ್ರಿಗೆ ಮೊದಲ ದಿನವೇ ಅನ್ನಿಸಿತ್ತು. ಮೂವತ್ತು ವರ್ಷ ಆಸ್ಪತ್ರೆಯ ವಾರ್ಡುಗಳಿಗೆ ಆಕ್ಸಿಜನ್ ಸಿಲಿಂಡರ್ ಉರುಳಿಸಿದವನು ಈ ಮೇಸ್ತ್ರಿ. ಯಾರು ಏನೇ ಅನ್ನಲಿ, ಅವನ ಬಾಯಲ್ಲಿ ಅದು ಆಕ್ಸಿಜನ್ ಅಲ್ಲ, ಪ್ರಾಣವಾಯು. ಅಂಥವನ ಮಗಳು ಮದುವೆಯಾಗುತ್ತೇನೆಂದು ಹಟ ಹಿಡಿದು ಕೂತದ್ದು ಸಮುದ್ರದಡಿ ಸ್ಕೂಬಾ ಡೈವಿಂಗ್ ಕಲಿಸುವ ಈ ಹುಡುಗನನ್ನು.

ಒಂದು ಮಧ್ಯಾಹ್ನ ಮೇಸ್ತ್ರಿ ಹೇಳದೆ ಕೇಳದೆ ಹೋಗಿ ಹುಡುಗನ ಡೈವಿಂಗ್ ಅಂಗಡಿಯ ಹಿಂಬಾಗಿಲಲ್ಲಿ ಇಣುಕಿದ. ಹುಡುಗ ಕಂಪ್ರೆಸರ್ ಓಡಿಸಿ ಸಿಲಿಂಡರ್ ತುಂಬಿಸುತ್ತಿದ್ದ. ಕಂಪ್ರೆಸರಿನ ಪೈಪು ಕಿಟಕಿಯಾಚೆ ಮೂತಿ ಚಾಚಿಕೊಂಡಿತ್ತು. ಒಳಗೆ ಏನು ತುಂಬುತ್ತೀಯೆಂದು ಕೇಳಿದರೆ ಹುಡುಗ ಚೂರೂ ಅಳುಕದೆ, "ಬರೀ ಗಾಳಿ ಸಾರ್. ಸೋಸಿದ ಗಾಳಿ" ಅಂದ. ಎಲಾ ಇವನ! ಪಂಕ್ಚರ್ ಅಂಗಡಿಯವನು ಟೈರಿಗೆ ತುಂಬುವುದನ್ನೇ ಇವನು ನನ್ನ ಮಗಳ ಬೆನ್ನಿಗೆ ಕಟ್ಟಿ ನೀರಿಗಿಳಿಸುತ್ತಾನೆ!

ಮಗಳಿಗೆ ಹೇಳಿದರೆ ನಕ್ಕುಬಿಟ್ಟಳು. ಎಲ್ಲರೂ ಹೀಗೇ ತಪ್ಪು ತಿಳಿದಿರುತ್ತಾರಂತೆ. ಸಿಲಿಂಡರಿನಲ್ಲಿ ಆಕ್ಸಿಜನ್ ಇರುತ್ತೆ, ಕೆಳಗೆ ಶಾರ್ಕ್ ಬಾಯ್ತೆರೆದು ಕಾಯ್ತಿರುತ್ತೆ ಅಂತ. ಹುಡುಗ ಇವಳ ತಲೆ ಕೆಡಿಸಿದ್ದಾನೆ, ಅನುಮಾನವೇ ಇಲ್ಲ. ಭಾನುವಾರ ಅವಳು ಮೊದಲ ಸಲ ಹದಿನೆಂಟು ಮೀಟರ್ ಆಳಕ್ಕಿಳಿಯುವವಳಿದ್ದಳು. ತಾಯಿಯಿಲ್ಲದ ಒಬ್ಬಳೇ ಮಗಳು. ಮೇಸ್ತ್ರಿ ತಟ್ಟೆಯಲ್ಲಿ ಅನ್ನ ಬಿಟ್ಟೇ ಏಳತೊಡಗಿದ.

ಬೆಳಿಗ್ಗೆ ನೇರ ದೋಣಿ ಹತ್ತುವ ಜೆಟ್ಟಿಗೆ ಹೋಗಬೇಕೆಂದು ಶನಿವಾರವೇ ಅವಳು ತನ್ನ ಏಳನೇ ನಂಬರಿನ ಸಿಲಿಂಡರನ್ನು ಮನೆಗೆ ತಂದಿಟ್ಟಳು. ಅವಳು ಗೆಳತಿಯ ಮನೆಗೆ ಹೊರಟದ್ದೇ ತಡ, ಮೇಸ್ತ್ರಿ ಅದನ್ನು ಸ್ಕೂಟರಿನ ಮೇಲಿಟ್ಟುಕೊಂಡು ಆಸ್ಪತ್ರೆಗೆ ಹೋದ. ಒಳಗಿದ್ದ ಗಾಳಿಯನ್ನೆಲ್ಲ ಬುಸ್ಸೆಂದು ಹೊರಗೆ ಬಿಟ್ಟು, ಕೈಯಾರೆ ಪ್ರಾಣವಾಯು ತುಂಬಿಸಿ ತಂದ. ಯಾರ ಮುಂದೂ ಬಾಯಿ ಬಿಡಲಿಲ್ಲ. ಆ ದಿನ ಹೊಟ್ಟೆ ತುಂಬ ಉಂಡ.

ಬೆಳಿಗ್ಗೆ ಹುಡುಗನ ಮೇಲೆ ಕಣ್ಣಿಡಲು ತಾನೂ ಜೆಟ್ಟಿಗೆ ಹೋದ. ಹುಡುಗ ಒಂದೊಂದೇ ಸಿಲಿಂಡರಿಗೆ ಪುಟ್ಟ ಮೀಟರ್ ಹಿಡಿದು ಆಕ್ಸಿಜನ್ ನೂರಕ್ಕೆ ಎಷ್ಟಿದೆಯೆಂದು ಅಳೆಯುತ್ತಿದ್ದ. ಇಪ್ಪತ್ತೊಂದು. ಇಪ್ಪತ್ತೊಂದು. ಮತ್ತೂ ಇಪ್ಪತ್ತೊಂದು. ನಾಟಕ ನೋಡು ಇವನದು, ಅಂದುಕೊಂಡ ಮೇಸ್ತ್ರಿ. ಏಳನೆಯದಕ್ಕೆ ಹಿಡಿದಾಗ ಮೀಟರು ತೊಂಬತ್ತೆಂಟು ತೋರಿಸಿತು. ಹುಡುಗನ ಮುಖ ಬಿಳಿಚಿಕೊಂಡಿತು. ಸುತ್ತ ಕಣ್ಣಾಡಿಸಿದ ಅವನ ನೋಟ ಮೇಸ್ತ್ರಿಯ ಮೇಲೆ ಬಂದು ನಿಂತಿತು. ಹತ್ತಿರ ಬಂದು ಮೆಲ್ಲಗೆ ಹೇಳಿದ:

"ಸಾರ್, ಆರು ಮೀಟರ್ ದಾಟಿದ್ರೆ ಶುದ್ಧ ಆಕ್ಸಿಜನ್ ವಿಷ ಆಗುತ್ತೆ. ಫಿಟ್ಸ್ ಬಂದು ಬಾಯಲ್ಲಿರೋ ಕೊಳವೆ ಬಿದ್ದುಹೋಗುತ್ತೆ. ಅವಳು ಮೇಲೆ ಬರ್ತಾನೇ ಇರ್ಲಿಲ್ಲ."

ಮೇಸ್ತ್ರಿ ಅಲ್ಲಿದ್ದ ಹಗ್ಗದ ಸುರುಳಿಯ ಮೇಲೆ ಕುಸಿದು ಕೂತ.

ಏನಾಯಿತೆಂದು ಮಗಳು ದೋಣಿಯಿಂದ ಕೂಗಿ ಕೇಳಿದಳು. ಹುಡುಗ ಏಳನೇ ಸಿಲಿಂಡರನ್ನು ಪಕ್ಕಕ್ಕೆ ಸರಿಸುತ್ತ, "ವಾಲ್ವ್ ಲೀಕು. ಬೇರೆ ಕೊಡ್ತೀನಿ" ಅಂದ.

ಹಸಿ ಸುಳ್ಳು. ಮೊದಲ ದಿನದಿಂದಲೂ ಮೇಸ್ತ್ರಿ ಈ ಹುಡುಗನ ಬಾಯಿಂದ ಒಂದು ಸುಳ್ಳು ಹಿಡಿಯಲೆಂದೇ ಕಾದು ಕೂತಿದ್ದ. ಈಗ ಸಿಕ್ಕಿತ್ತು.

"ವಾಲ್ವ್ ಸರಿಯಾಗೇ ಇದೆ ಮಗಳೇ," ಅಂದ ಮೇಸ್ತ್ರಿ. "ಅದನ್ನ ತುಂಬಿಸಿದ್ದು ನಾನು."